ಒಂಬತ್ತು ಸೆಕೆಂಡಿನವಳು

ಹಂಗೇರಿಯ ಸೆಗೆಡ್ ಊರಿನಲ್ಲಿ, ಟೀಸಾ ನದಿಯ ಹತ್ತಿರ,
ಹಲ್ಲಿನ ಸೆಟ್ಟು ಮಾಡುವ ಎಮೊಕೆ
ಸಂಜೆ ಆರಕ್ಕೆ ಕೈಯ ಮೇಣ ತೊಳೆದು
ಉಗುರ ಸಂದಿಯ ಪ್ಲಾಸ್ಟರು ಹಾಗೇ ಬಿಟ್ಟು
ಕತೆ ಬರೆಯಲು ಕೂರುತ್ತಾಳೆ.

ಕತೆ ಅವಳದಲ್ಲ. ಟೀವಿಯ ರಾಜರದು, ಕುದುರೆಗಳದು,
ಮೂರು ವರ್ಷವಾದರೂ ಮುಗಿಯದ ಯುದ್ಧದ್ದು.
ಅದರ ನಾಲ್ಕನೇ ಕಂತಿನಲ್ಲೊಬ್ಬಳು
ಲಾಯದ ಹೆಂಗಸು
ಲಗಾಮು ತಂದು ರಾಜಕುಮಾರನ ಕೈಗಿಡುತ್ತಾಳೆ.
ಒಂಬತ್ತು ಸೆಕೆಂಡು.
ಮಾತಿಲ್ಲ, ಹೆಸರಿಲ್ಲ. ಕೊನೆಯಲ್ಲಿ ಓಡುವ ಪಟ್ಟಿಯೊಳಗೆ
'ಲಾಯದವಳು, ಎರಡನೆಯವಳು.'
ಮೊದಲನೆಯವಳು ಯಾರೋ, ಅವಳನ್ನಂತೂ ಕಂಡವರಿಲ್ಲ.

ಮೊದಲ ಕರಡಿನಲ್ಲಿ ಎಮೊಕೆ ಕೈಬಿಚ್ಚಿ ಕೊಟ್ಟಳು:
ಸುಟ್ಟ ಹಳ್ಳಿ, ಸತ್ತ ತಾಯಿ, ಕೆನ್ನೆಗೊಂದು ಗಾಯದ ಗೆರೆ,
ಗುಟ್ಟಾಗಿ ಕಲಿತ ಕತ್ತಿವರಸೆ,
ರಾಜಕುಮಾರನ ಮೇಲೆ ತಡೆಯಲಾರದ ಪ್ರೀತಿ,
ಕಣ್ಣಿಗೆ ಕಡಲಿನ ಬಣ್ಣ.
ಓದಿದ ಗೆಳತಿ ಪಿರೋಶ್ಕ ಅಂದಳು:
"ಚೆನ್ನಾಗಿದ್ದಾಳೆ. ಆದರೆ ಬಟ್ಟೆ ಅಂಗಡಿಯ ಗೊಂಬೆ.
ಲಂಗ ಎತ್ತಿದರೆ ಒಳಗೆ ಬರೀ ಕಬ್ಬಿಣದ ಕೋಲು."

ಎರಡು ದಿನ ಮುನಿಸು. ಮೂರನೆಯ ದಿನ
ಕೆಲಸದ ಮೇಜಿನ ಮೇಲೆ ಯಾರದೋ ದವಡೆಯ ಅಚ್ಚು,
ಉಳಿದದ್ದು ಎರಡೇ ಹಲ್ಲು.
ಒಂದು ಎಡಕ್ಕೆ ಸವೆದಿದೆ.
ಈತ ಪೈಪು ಕಚ್ಚುತ್ತಿದ್ದ,
ಇಲ್ಲ, ದಾರ. ದರ್ಜಿಯಿರಬೇಕು.
ಸವೆತ ನೋಡದೆ ಹೊಸ ಹಲ್ಲು ಕೂರಿಸಿದರೆ
ಬಾಯಿ ಉಗುಳಿಬಿಡುತ್ತದೆ.
ಅನ್ನ ಬೆಂದದ್ದು ತಿಳಿಯಲು ಒಂದಗುಳು ಸಾಕು ಎನ್ನುತ್ತೇವೆ ನಾವು;
ಅವಳ ಭಾಷೆಯಲ್ಲಿ ಏನನ್ನುತ್ತಾರೋ.

ಆ ರಾತ್ರಿ ಮತ್ತೆ ನೋಡಿದಳು. ನಿಲ್ಲಿಸಿ, ಹಿಂದಕ್ಕೆಳೆದು,
ನಲವತ್ತು ಸಲ.
ಲಗಾಮು ಎಡಗೈಯಲ್ಲಿ. ಬಲಗೈ ಬೆನ್ನ ಹಿಂದೆ.
ರಾಜಕುಮಾರ ಅವಳನ್ನು ನೋಡುವುದಿಲ್ಲ, ಸರಿ;
ಅವಳೂ ಅವನನ್ನು ನೋಡುವುದಿಲ್ಲ!
ಕಣ್ಣೆಲ್ಲ ಕುದುರೆಯ ಹಿಂಗಾಲ ಗೊರಸಿನ ಮೇಲೆ.

ಅಷ್ಟೇ ಸಾಕಾಯಿತು. ಗಾಯ ಅಳಿಸಿದಳು.
ಸುಟ್ಟ ಹಳ್ಳಿಗೆ ಮತ್ತೆ ಹೆಂಚು ಹೊದಿಸಿದಳು.
ತಾಯಿ ಎದ್ದು ಕೂತಳು, ಕಿವುಡಿ, ಬಾಯಿಜೋರು.
ಹೆಸರು ಮಾತ್ರ ಕೂಡಿಬರಲಿಲ್ಲ,
ಮೂರು ಹೆಸರಿಂದ ಕರೆದು ನೋಡಿದಳು,
ಒಂದಕ್ಕೂ ಅವಳು ತಿರುಗಲಿಲ್ಲ.
ಇನ್ನು ಬೆನ್ನ ಹಿಂದಿನ ಕೈ. ಅದರಲ್ಲೇನು?
ಒಂದು ವಾರ ಬರೆಯದೆ ಅದನ್ನೇ ಯೋಚಿಸಿದಳು,
ಟ್ರಾಮಿನಲ್ಲಿ, ಮೀನಿನ ಸಾರಿಗೆ ನಿಂತ ಸಾಲಿನಲ್ಲಿ.
ಕಡೆಗೆ ಸಿಕ್ಕಿತು: ಅರ್ಧ ತಿಂದ ಕ್ಯಾರೆಟ್.
ಕುದುರೆಗೆಂದು ಅರಮನೆ ಕೊಟ್ಟದ್ದು.
ಕಳ್ಳಿಯಲ್ಲ, ಹಸಿದವಳೂ ಅಲ್ಲ,
ಲೆಕ್ಕದವಳು: ಕುದುರೆಗೆ ಎರಡು ಪಾಲು, ತನಗೊಂದು.

ಲೆಕ್ಕದ ಹಿಂದೆಯೇ ಮಾತು ಬಂತು,
ತುಂಡು ತುಂಡು ಮಾತು, ಕೊನೆಗೊಂದು 'ನೋಡೋಣ'.
ಹನ್ನೊಂದನೇ ಪುಟದಲ್ಲಿ ತುತ್ತೂರಿ ಊದಿಸಿ
ಅವಳನ್ನು ಯುದ್ಧಕ್ಕೆ ಕಳಿಸುವ ಯೋಚನೆ ಎಮೊಕೆಯದು.
ಹೋಗಲಿಲ್ಲ. ಲಾಳ ಸಡಿಲ, ಎಂದಳು.
ಇದು ಹೊರಟರೂ ಸೇತುವೆ ದಾಟುವುದಿಲ್ಲ.
ಎಮೊಕೆ ಗದರಿದಳು, ಪುಸಲಾಯಿಸಿದಳು,
ಪುಟ ಹರಿದು ಮತ್ತೆ ಮೊದಲಿಂದ ತುತ್ತೂರಿ ಊದಿಸಿದಳು.
ನೋಡೋಣ, ಎಂದಳು ಅವಳು
ಗೊರಸನ್ನು ಮಡಿಲಿಗೆತ್ತಿಕೊಂಡು, ಬಗ್ಗಿಸಿದ ತಲೆ ಎತ್ತದೆ.

ಫೆಬ್ರವರಿಯಲ್ಲಿ ಹೊಸ ಕಂತು ಬಂತು.
ಅದೇ ಲಾಯ, ಅದೇ ಬಾಗಿಲು.
ಲಗಾಮು ತಂದವಳು ಬೇರೆ ಯಾರೋ ಹುಡುಗಿ,
ಬಲಗೈಯಲ್ಲಿ ಹಿಡಿದು, ರಾಜಕುಮಾರನನ್ನೇ ನೋಡುತ್ತ
ನಗುತ್ತಾಳೆ. ಹಲ್ಲು ಅತಿ ಬಿಳಿ.
ಪಿರೋಶ್ಕ ಕೂಡಲೇ ಫೋನು ಮಾಡಿ ಕೂಗಿದಳು:
"ಮರೆತೇಬಿಟ್ಟಿದ್ದಾರೆ ಕಣೇ ಅವಳನ್ನ!"
"ಅದು ಮೊದಲನೆಯವಳು," ಅಂದಳು ಎಮೊಕೆ.
"ನಮ್ಮವಳಿಗೆ ಇವತ್ತು ರಜೆ.
ತಾಯಿಗೆ ಹಲ್ಲುನೋವು."

ಫೋನಿಟ್ಟು, ಆಡಿದ ಮಾತನ್ನೇ ಬರೆದುಕೊಂಡು,
ಪೆನ್ನಿನ ತುದಿ ಕಚ್ಚುತ್ತ ಕೂತಳು:
ಯಾವ ಹಲ್ಲು?