ಕುಡಿಯದವನ ತೂರಾಟ

ತೆಲಾವಿಯ ಸಂತೆಬೀದಿಯ ಕೊನೆಗೆ ನಮ್ಮ ರೊಟ್ಟಿ ಅಂಗಡಿ.
ಬಾವಿಯಂಥ ಮಣ್ಣೊಲೆಗೆ ಸೊಂಟದವರೆಗೂ ಬಗ್ಗಿ
ಕೆಂಡಗೋಡೆಗೆ ಕಣಕ ಬಡಿಯುವುದು
ಮೂವತ್ತು ವರ್ಷದಿಂದ ನುಗ್ಜಾರನ ಕೆಲಸ.

ಆ ಚಳಿಗಾಲ ಅವನ ಕಾಲು ನೆಲವನ್ನು ಮರೆತವು.
ಬೂಟು ಕಳಚಿ ಹಿಂದುಳಿದದ್ದು ತಿಳಿಯದೆ
ಹಿಮದಲ್ಲಿ ಒಂಟಿ ಬೂಟಲ್ಲಿ ಮನೆಗೆ ಬಂದ,
ಗೋಡೆ ಹಿಡಿದು.
'ಹೊಸ ವೈನು ಜೋರಾಗಿದೆ' ಎಂದರು ನೆರೆಯವರು.
ನಾನೂ, ಸುಳ್ಳೇಕೆ,
ಮಲಗಿದವನ ಬಾಯಿಗೆ ಮೂಗು ಹಿಡಿದೆ.
ಹುಳಿಹಿಟ್ಟಿನ ವಾಸನೆ, ಅಷ್ಟೆ.
ನೆಲದಲ್ಲಿ ಹೂತ ವೈನಿನ ಗುಡಾಣದ ಮುಚ್ಚಳಕ್ಕೆ
ಗುಟ್ಟಾಗಿ ಬೂದಿಯ ಗೆರೆ ಎಳೆದೆ.
ತಿಂಗಳಾದರೂ ಗೆರೆ ಅಳಿಸಲಿಲ್ಲ.

ಬಾಯಲ್ಲಿ ಹುಣ್ಣು, ಮಾಯುವ ಮೊದಲೇ ಮತ್ತೊಂದು.
ಸ್ವಂತ ಮಗಳ ಹೆಸರು ನಾಲಿಗೆ ತುದಿಗೆ ಬಂದು
ಬಾಗಿಲು ತಟ್ಟದೆ ವಾಪಸಾಗುತ್ತಿತ್ತು.
ಒಬ್ಬ ವೈದ್ಯ ಬೆನ್ನುಹುರಿ ಎಂದ, ಇನ್ನೊಬ್ಬ ವಯಸ್ಸು ಎಂದ,
ಅತ್ತೆ ದೃಷ್ಟಿ ಎಂದಳು.
ಹೊಟ್ಟೆಯ ಸುದ್ದಿ ಯಾರೂ ಎತ್ತಲಿಲ್ಲ.
ಎತ್ತಿದ್ದರೂ ನಗುತ್ತಿದ್ದ: ಕಲ್ಲು ಕರಗಿಸುವ ಹೊಟ್ಟೆ ನಂದು.
ಸುಸ್ತೆಂದು ಕೂತಾಗೆಲ್ಲ ನಾನು ಕೊಟ್ಟದ್ದು
ಒಲೆಯಿಂದ ಆಗಷ್ಟೇ ಕಿತ್ತ ರೊಟ್ಟಿ, ಮೇಲೆ ಉಪ್ಪುಚೀಸು.
ತಿನ್ನು, ಶಕ್ತಿ ಬರುತ್ತೆ.
ನನ್ನ ಕೈಯಾರೆ.

ಮಾರ್ಚಿನಲ್ಲಿ ತಲೆಕೆಳಗಾಗಿ ಒಲೆಗೇ ಮುಗ್ಗರಿಸಿದ.
ಕೆಲಸದ ಹುಡುಗ ಬದ್ರಿ ಬೆಲ್ಟು ಹಿಡಿದೆಳೆಯದಿದ್ದರೆ.
ಹುಬ್ಬುಗಳು ಮಾತ್ರ ಹೋದವು.

ಟಿಬಿಲಿಸಿಯ ಡಾಕ್ಟರಮ್ಮ ಲಮ್ಜೀರಾ
ಹಿಮ್ಮಡಿಗೆ ಬೆರಳು ತಾಗಿಸಿ ನಡೆ ಎಂದಳು.
ನಡೆಯಲಾಗಲಿಲ್ಲ.
ಬಾಯಿ ತೆರೆಸಿದಳು, ಹುಣ್ಣು ಎಣಿಸಿದಳು,
ನೆತ್ತರು ತೆಗೆದಳು, ಹೊಟ್ಟೆಗೆ ಕೊಳವೆ ಇಳಿಸಿದಳು.
ಹತ್ತು ದಿನದ ಮೇಲೆ, 'ಗೋಧಿ' ಎಂದಳು.
ನುಗ್ಜಾರ ನಕ್ಕ. ಬಹಳ ಹೊತ್ತು ನಕ್ಕ.
ಆಮೇಲೆ ಅದು ನಗುವಾಗಿರಲಿಲ್ಲ.

ಉಂಡ ಮನೆಯ ಗಳ ಎಣಿಸುತ್ತಿತ್ತಲ್ಲಾ, ಎಂದೆ ನಾನು.
ಡಾಕ್ಟರಮ್ಮ ತಲೆಯಾಡಿಸಿದಳು:
ಅದು ಪಾಪದ್ದು. ಅದನ್ನು ಕಂಡರೆ ಇವನ ಮೈಯೇ
ಇವನ ಮೈಮೇಲೆ ಬೀಳುತ್ತೆ,
ಕರುಳಿಂದ ಹಿಂದಲೆಯ ಕಿರುಮೆದುಳಿನವರೆಗೂ.

ಈಗ ಒಲೆಗೆ ಬಗ್ಗುವವನು ಬದ್ರಿ.
ನುಗ್ಜಾರ ರಸ್ತೆಯಾಚೆ ಕುರ್ಚಿ ಹಾಕಿ
ಸುಡುವ ವಾಸನೆಯಲ್ಲೇ ಹದ ಹೇಳುತ್ತಾನೆ.
ಪಡುವಣದವರ ಊಟ ಎಂದು ಮೂಗು ಮುರಿಯುತ್ತಿದ್ದ
ಮೆಕ್ಕೆಜೋಳದ ಬಿಲ್ಲೆ ಅವನಿಗೆ, ಬೇರೆ ಬಾಣಲೆಯಲ್ಲಿ.
ರಾತ್ರಿ ನಾನು ಕೂದಲ ಹಿಟ್ಟು ತೊಳೆದೇ
ಅವನ ಪಕ್ಕ ಮಲಗುವುದು.

ಹುಣ್ಣು ಮಾಯಿತು. ಮಗಳ ಹೆಸರು ಬಂತು.
ಎಡಗಾಲಿನ ಎರಡು ಬೆರಳು ಇನ್ನೂ ಮಾತಾಡುವುದಿಲ್ಲ.

ನಿನ್ನೆ ಚರ್ಚಿನ ಇಳಿಜಾರಿನಲ್ಲಿ ತಟ್ಟನೆ ನಿಂತ.
ಬೂಟಿನೊಳಗೆ ಕಲ್ಲು, ಎಂದ.
ತೆಗಿ ಮತ್ತೆ, ಎಂದೆ.
ಇರಲಿ ಬಿಡು, ಎಂದು
ಮನೆಯವರೆಗೂ ಕುಂಟಿದ.