ಠಣ್, ಠಪ್

ಉದ್ಯಮಬಾಗದ ಫೌಂಡ್ರಿಯಲ್ಲಿ ನನ್ನ ಕೆಲಸ ಇಷ್ಟೇ:
ತಣ್ಣಗಾದ ಎರಕವನ್ನು ಸುತ್ತಿಗೆಯಿಂದ ತಟ್ಟಿ
ಕಿವಿಗೊಡುವುದು.
ಠಣ್ ಎಂದರೆ ಲಾರಿಗೆ.
ಠಪ್ ಎಂದರೆ ಒಳಗೆಲ್ಲೋ ಕೂದಲೆಳೆಯ ಬಿರುಕು,
ಮತ್ತೆ ಕುಲುಮೆಗೆ.

ಸೋಮವಾರ ಪುಣೆಯಿಂದ ಒಬ್ಬರು ಬಂದಿದ್ದರು.
ಕ್ಯಾಂಟೀನಿನಲ್ಲಿ ಕುರ್ಚಿ ಸಾಲು, ಪರದೆಯ ಮೇಲೆ ಕಮಲ.
ಕಣ್ಣು ಮುಚ್ಚಿ, ಉಸಿರು ನೋಡಿ, ಅಂದರು.
ನೋಡಿದೆವು. ಉಸಿರಿನ ತುಂಬ ಮರಳಿನ ಧೂಳು.
ಹಿಂದಿನ ಸಾಲಲ್ಲಿ ದಸ್ತಗೀರ ಗೊರಕೆ ಹೊಡೆದ,
ಎರಡು ಪಾಳಿ ಒಟ್ಟಿಗೆ ದುಡಿದವ;
ಅವನ ಧ್ಯಾನವೇ ಎಲ್ಲರಿಗಿಂತ ಆಳ.
ನಕ್ಕೆವು. ಫೋಟೋ ತೆಗೆದರು. ಬಾಳೆಹಣ್ಣು ಕೊಟ್ಟರು.

ಗುರುವಾರ ರಾತ್ರಿ ಪಾಳಿ.
ಅಚ್ಚು ಕಟ್ಟುವ ಭುಜಂಗ ಒಂದೇ ಬೋಲ್ಟನ್ನು
ಮೂರು ಸಲ ಬಿಗಿದ, ಮೂರು ಸಲ ಸಡಿಲಿಸಿದ.
"ಏನಾತೋ?" ಅಂದೆ.
"ಏನೂ ಇಲ್ಲೋ ಮಾರಾಯಾ," ಅಂದ.
ಠಪ್.

ಹತ್ತೊಂಬತ್ತು ವರ್ಷ ಕಬ್ಬಿಣ ಕೇಳಿದ ಕಿವಿ
ಪಕ್ಕದ ಮನುಷ್ಯನನ್ನು ಕೇಳಿದ್ದು ಅಂದೇ ಮೊದಲು.
ಇವನನ್ನು ಮತ್ತೆ ಕುಲುಮೆಗೆ ಹಾಕಲು ಬರುವುದಿಲ್ಲವಲ್ಲ!
ಗ್ರೈಂಡರ್ ಬಂದ್ ಮಾಡಿದೆ.
ಮೇಸ್ತ್ರಿ ಶಿರಗುಪ್ಪಿ ಗಡಿಯಾರ ನೋಡಿದರು, ನಮ್ಮನ್ನು ನೋಡಿದರು,
ಕೆಮ್ಮಿ, ಬೆನ್ನು ತಿರುಗಿಸಿ ನಿಂತರು.

ಮರಳ ಗುಡ್ಡೆಯ ಮೇಲೆ ಇಬ್ಬರೂ ಕೂತೆವು.
ಚಹಾ ಆರಿ ಕೆನೆಗಟ್ಟಿತು.
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ,
ಖಾನಾಪುರದ ಕಡೆ ಒಂದು ಗೂಡ್ಸು ಗಾಡಿ
ಡಬ್ಬಿ ಡಬ್ಬಿಯಾಗಿ ದಾಟಿತು, ಕೊನೆಯ ಡಬ್ಬಿಯವರೆಗೂ ಕೇಳಿಸಿಕೊಂಡೆವು.
ಆಮೇಲೆ ಹೇಳಿದ.

ಬೆಳಿಗ್ಗೆ ರಿಜಿಸ್ಟರಿನಲ್ಲಿ ಒಂದು ಖಾನೆ ಖಾಲಿ ಇತ್ತು:
ಕೆಲಸ ನಿಂತದ್ದು ಇಪ್ಪತ್ತೆರಡು ನಿಮಿಷ. ಕಾರಣ?
ಪೆನ್ನು ಕೊಡವಿ ಬರೆದೆ,
ತಪಾಸಣೆ.