ಕೇಳಿದ್ದು

ಪ್ರೆಸ್ಟನ್ನಿನಲ್ಲಿ ಮಂಗಳವಾರ, ಸಂಜೆ ಏಳು.
ಚರ್ಚಿನ ಹಿಂದಿನ ಹಾಲಿನಲ್ಲಿ ಒಂಬತ್ತು ಕುರ್ಚಿ, ದುಂಡಗೆ.
ಪೂರ್ತಿ ದುಂಡಗಲ್ಲ, ರೇಡಿಯೇಟರ್ ಅಡ್ಡ ಬಂದು
ಒಂದು ಕಡೆ ನಗ್ಗಿದ ತಟ್ಟೆಯ ಹಾಗೆ.

ನಿಯಮ ಇಷ್ಟೇ: ಒಬ್ಬೊಬ್ಬರಿಗೆ ಮೂರು ನಿಮಿಷ,
ಮೊಟ್ಟೆ ಬೇಯಿಸುವ ಮರಳುಗಡಿಯಾರ ಸಾಕ್ಷಿ.
ನಡುವೆ ಯಾರೂ ಬಾಯಿ ಹಾಕುವಂತಿಲ್ಲ,
ಫಾದರ್ ಕೂಡ.
ಬರೆದುಕೊಳ್ಳುವ ಕೆಲಸ ನನ್ನದು.
ಬಿಷಪ್ಪರ ಕಚೇರಿಯ ಹಾಳೆಯಲ್ಲಿ ಎರಡು ಕಾಲಂ.
ಇಂಗ್ಲಿಷಿನಲ್ಲಿ ಪ್ರಶ್ನೆಗೊಂದು ಪದ, ಕಿವಿಗೊಂದು ಪದ;
ಹಾರೋಬೆಲೆಯಲ್ಲಿ ಮಾತು ಕಲಿತ ನನಗೆ
ಎರಡೂ ಕೇಳುವುದೇ.

ವಿನಿಫ್ರೆಡ್ ಎಂಟ್‌ವಿಸಲ್ ಮೊದಲು.
ಐವತ್ನಾಲ್ಕು ವರ್ಷ ಬಲಿಪೀಠದ ವಸ್ತ್ರ ಒಗೆದವಳು.
ಗಂಜಿಪುಡಿಯ ದುಡ್ಡು ನನ್ನದೇ, ಎಂದಳು.
ಇಸ್ತ್ರಿಪೆಟ್ಟಿಗೆಯೂ. ಅದು ಸುಟ್ಟ ವರ್ಷ ತಂದ ಹೊಸದೂ.
'ಯಾರೂ ಕೇಳಲಿಲ್ಲ.'
ಇದು ಯಾವ ಕಾಲಮ್ಮಿಗೆ?
ನಡುಗೆರೆಯ ಮೇಲೆಯೇ ಬರೆದೆ.

ರೊಡೆಲಿಯೊ ರಾತ್ರಿ ಬಸ್ಸಿನ ಚಾಲಕ. ಅವನಿಗೆ ಬೇಕು
ಭಾನುವಾರ ಸಂಜೆಗೊಂದು ಪೂಜೆ, ಮತ್ತೆ ಪಾರ್ಕಿಂಗ್.
ಪಾರ್ಕಿಂಗಿಗೇ ಎರಡೂವರೆ ನಿಮಿಷ ಹೋಯಿತು.
ಆಗ ಫಾದರ್ ಟಿಲ್ಡ್ಸ್‌ಲಿ ಜೇಬಿನಿಂದ ಕಿವಿಯಂತ್ರ ತೆಗೆದು
ಹಾಕಿಕೊಂಡರು. ಅದು ಕುಯ್ ಎಂದಿತು. ನಕ್ಕೆವು.
ಪಾಪನಿವೇದನೆಗೆ ಇಷ್ಟು ವರ್ಷ ಸಾಲು ನಿಂತದ್ದು ನೆನಪಾಗಿ
ನನ್ನ ನಗು ಅರ್ಧಕ್ಕೇ ನಿಂತಿತು.

ಬಾಗಿಲ ಪಕ್ಕ ಬರ್ನಾರ್ಡ್ ಕೌಬರ್ನ್.
ಟೀ ಕುಡಿಯಲು ಬಂದೆ, ಎಂದಿದ್ದ. ಕೋಟು ಬಿಚ್ಚಿರಲಿಲ್ಲ.
ಮರಳು ತಿರುವಿಟ್ಟೆವು.
'ಎಪ್ಪತ್ತೊಂದರಲ್ಲಿ ನಾನಿಲ್ಲಿ ಪೀಠಬಾಲಕ' ಎಂದ.
ಅಷ್ಟೇ.
ಮರಳು ಇಳಿಯಿತು. ಇಳಿಯುತ್ತಲೇ ಇತ್ತು.
ರೇಡಿಯೇಟರ್ ಟಕ್ಕೆಂದಿತು.
ವಿನಿಫ್ರೆಡ್ ಅವನತ್ತ ನೋಡಲಿಲ್ಲ, ತನ್ನ ಕೈ ನೋಡಿಕೊಂಡಳು,
ಅವನ ಪುಟ್ಟ ಬಿಳಿ ನಿಲುವಂಗಿ ಒಗೆದ ಕೈ.
ಫಾದರ್ ಬಾಯಿ ತೆರೆದರು. ನಿಯಮ ನೆನಪಾಗಿ ಮುಚ್ಚಿದರು.
ಆ ಮುಚ್ಚಿದ ಬಾಯನ್ನು
ನಾನು ಮೊದಲ ಸಲ ನಂಬಿದೆ.

ಹಾಳೆಯಲ್ಲಿ ಹೆಸರು ಹಾಕಲಿಲ್ಲ.
ಎಪ್ಪತ್ತೊಂದು ಎಂದು ಬರೆದು ಪಕ್ಕಕ್ಕೆ ಖಾಲಿ ಬಿಟ್ಟೆ.
ಕಚೇರಿಯಿಂದ ಫೋನು: ಇಲ್ಲೇನೋ ಬಿಟ್ಟುಹೋಗಿದೆಯಲ್ಲ?
ಹೌದು, ಎಂದೆ. ಹಾಗೇ ಓದಿಕೊಳ್ಳಿ,
ಮೂರು ನಿಮಿಷ.

ಮುಂದಿನ ಮಂಗಳವಾರ ಗಾಳಿ, ಆಲಿಕಲ್ಲು. ಏಳೇ ಜನ.
ವಿನಿಫ್ರೆಡ್‌ಳ ಕುರ್ಚಿಯ ಮೇಲೆ ಯಾರೋ
ಗಂಜಿಪುಡಿಯ ಡಬ್ಬಿ ಇಟ್ಟಿದ್ದರು, ಅವಳು ಬಳಸದ ಬಗೆಯದು.
ಬರ್ನಾರ್ಡ್ ಬಂದ.
ಅದೇ ಬಾಗಿಲು, ಅದೇ ಕುರ್ಚಿ.
ಕೋಟಿನ ಮೇಲಿನ ಒಂದು ಗುಂಡಿ ಬಿಚ್ಚಿದ.